ಶಂಕ್ರವ್ವನ ಹನ್ನೆರಡು ಹೆಜ್ಜೆ

ನಮ್ಮ ಅಡುಗೆಮನೆಯಲ್ಲಿ ಚಹಾ ಸೋಸುವ ಜರಡಿಯ ಪಕ್ಕದ ಮೊಳೆಗೆ ಒಂದು ಪೊಲೀಸ್ ಸೀಟಿ ತೂಗುತ್ತಿದೆ. ಮನೆಗೆ ಬಂದವರು ಮೊದಲು ಅದನ್ನು ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ, ಆಮೇಲೆ ಕೊಟ್ಟ ಚಹಾವನ್ನು ಸದ್ದಿಲ್ಲದೆ ಕುಡಿದು ಲೋಟ ತೊಳೆದಿಟ್ಟು ಹೋಗುತ್ತಾರೆ. ಸರಕಾರದ ವಸ್ತುವೊಂದು ಗೋಡೆಯ ಮೇಲಿದ್ದರೆ ಅತಿಥಿಗಳಲ್ಲಿ ಇಷ್ಟು ಶಿಸ್ತು ಮೂಡುತ್ತದೆಂದು ಗೊತ್ತಿದ್ದರೆ ನಾನು ಮದುವೆಯಾದ ಹೊಸತರಲ್ಲೇ ಒಂದನ್ನು ಸಂಪಾದಿಸುತ್ತಿದ್ದೆ. ಹಾಗೆಂದು ಸೀಟಿ ನನಗೆ ಹೊಸ ಪದಾರ್ಥವಲ್ಲ. ಗಜೇಂದ್ರಗಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಜೀವಮಾನವೆಲ್ಲ ವ್ಯಾಯಾಮ ಕಲಿಸಿ ನಿವೃತ್ತಳಾದವಳು ನಾನು. ನನ್ನ ಹೆಸರು ಈಗ ಪಡಿತರ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿದೆ, ಊರವರ ಬಾಯಲ್ಲಿ ನಾನು ಬರೀ ಡ್ರಿಲ್ ಅಕ್ಕೋರು. ಸೀಟಿಗಳ ಗುಣದೋಷದ ಬಗ್ಗೆ ಅಧಿಕಾರವಾಣಿಯಿಂದ ಮಾತಾಡಬಲ್ಲವರು ಈ ಭಾಗದಲ್ಲಿ ಯಾರಾದರೂ ಇದ್ದರೆ ಅದು ನಾನೇ, ಮತ್ತು ಆ ಅಧಿಕಾರದಿಂದಲೇ ಹೇಳುತ್ತೇನೆ, ಪೊಲೀಸರ ಸೀಟಿ ಡ್ರಿಲ್ ಸೀಟಿಯ ಮುಂದೆ ಏನೇನೂ ಅಲ್ಲ.

ಪೊಲೀಸರೆಂದರೆ ನಮಗೆ ಇರುವ ಭಾವನೆಯೇ ವಿಚಿತ್ರವಾದದ್ದು ನೋಡಿ. ಅವರು ಬೇಕು, ಆದರೆ ಪಕ್ಕದ ಓಣಿಯಲ್ಲಿರಬೇಕು. ನಮ್ಮ ಮನೆಯ ಮುಂದೆ ಜೀಪು ನಿಂತರೆ, ಅದರ ಚಕ್ರ ಪಂಕ್ಚರ್ ಆಗಿಯೇ ನಿಂತಿರಲಿ, ಸಂಜೆಯೊಳಗೆ ನಮ್ಮ ಮನೆಯಲ್ಲಿ ಮೂರು ಬಗೆಯ ಅಪರಾಧ ನಡೆದಿರುತ್ತದೆ. ಆದ್ದರಿಂದ ನಮ್ಮೂರ ಮರ್ಯಾದಸ್ಥರು ಠಾಣೆಯ ಮೆಟ್ಟಿಲು ಹತ್ತುವುದು ಗಣಪತಿ ಕೂರಿಸುವಾಗ ಮೈಕಿಗೆ ಅನುಮತಿ ಬೇಡಲು, ಇಲ್ಲವೇ ಮೊಬೈಲು ಕಳೆದುಕೊಂಡಾಗ. ನಾನೂ ಅಂಥ ಮರ್ಯಾದಸ್ಥಳೇ ಆಗಿದ್ದೆ. ನನ್ನನ್ನು ಕೆಡಿಸಿದವಳು ಎದುರುಮನೆಯ ಶಂಕ್ರವ್ವ.

ನಮ್ಮದು ಕೋಟೆಗುಡ್ಡದ ಬುಡದಲ್ಲಿರುವ ನೇಕಾರರ ಓಣಿ. ಒಂದು ತುದಿ ಬಸ್‌ಸ್ಟ್ಯಾಂಡಿನ ಹಿಂಬದಿಗೆ ಬಾಯಿ ತೆರೆಯುತ್ತದೆ, ಇನ್ನೊಂದು ತುದಿ ರೋಣದ ರಸ್ತೆಗೆ. ಪೇಟೆಯ ದೊಡ್ಡ ರಸ್ತೆಯಲ್ಲಿ ಬಸ್ಸು, ತಳ್ಳುಗಾಡಿ, ಎಮ್ಮೆ, ಎಮ್ಮೆಗಿಂತ ನಿಧಾನವಾಗಿ ನಡೆಯುವ ರಾಜಕಾರಣಿಗಳ ಹಿಂಬಾಲಕರು ಎಲ್ಲ ಸೇರಿ ದಾರಿ ಕಟ್ಟುವುದರಿಂದ, ಅವಸರವಿದ್ದವರೆಲ್ಲ ನಮ್ಮ ಓಣಿಯಲ್ಲಿ ನುಗ್ಗುವುದು ರೂಢಿಯಾಗಿದೆ. ಗಜೇಂದ್ರಗಡದಲ್ಲಿ ಯಾರಿಗೆ ಎಂಥ ಅವಸರವೆಂದು ನೀವು ಕೇಳಬಹುದು. ನಾನೂ ಎಷ್ಟೋ ವರ್ಷದಿಂದ ಅದನ್ನೇ ಕೇಳಿಕೊಂಡು ಬಂದಿದ್ದೇನೆ. ಅಂಗಡಿಯ ಬಾಗಿಲು ತೆರೆದು ಕಸ ಹೊಡೆದು ಮೊದಲ ಗಿರಾಕಿಗಾಗಿ ಎರಡು ತಾಸು ಆಕಳಿಸುತ್ತ ಕೂರುವ ಮನುಷ್ಯನೇ, ಆ ಆಕಳಿಕೆಗೆ ತಡವಾದೀತೆಂದು ಗಾಡಿಯನ್ನು ಹುಚ್ಚು ಹಿಡಿದವನಂತೆ ಓಡಿಸುತ್ತಾನೆ.

ಶಂಕ್ರವ್ವನಿಗೆ ಎಪ್ಪತ್ತು ದಾಟಿದೆ. ಮನೆ ಓಣಿಯ ಆ ಮಗ್ಗುಲಿಗೆ, ಮಗ್ಗದ ಖೋಲಿ ಈ ಮಗ್ಗುಲಿಗೆ. ನಡುವೆ ಅವಳ ಲೆಕ್ಕದಲ್ಲಿ ಸರಿಯಾಗಿ ಹನ್ನೆರಡು ಹೆಜ್ಜೆ. ಮದುವೆಯಾಗಿ ಬಂದ ಮರುದಿನದಿಂದ ಬೆಳಗಾದರೆ ಈ ಹನ್ನೆರಡು ಹೆಜ್ಜೆ ದಾಟಿ ಹೋಗಿ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು ಸೀರೆ ನೇಯ್ದವಳು, ಸಂಜೆ ಮತ್ತೆ ಹನ್ನೆರಡು ಹೆಜ್ಜೆ ದಾಟಿ ಬಂದು ರೊಟ್ಟಿ ಬಡಿದವಳು. ಕಿವಿ ಮಾತ್ರ ಕೆಲವು ವರ್ಷಗಳ ಹಿಂದೆಯೇ ಕೈಕೊಟ್ಟಿವೆ. ಮಗ ವೀರಣ್ಣ ಹುಬ್ಬಳ್ಳಿಗೆ ಕರೆದೊಯ್ದು ಕಿವಿಯ ಮಷೀನು ಹಾಕಿಸಿಕೊಂಡು ಬಂದಿದ್ದ. ಮೂರು ದಿನ ಹಾಕಿಕೊಂಡು, ನಾಲ್ಕನೆಯ ದಿನ ಕುಂಕುಮದ ಭರಣಿಯೊಳಗೆ ಇಟ್ಟುಬಿಟ್ಟಳು. ಯಾಕೆಂದು ಕೇಳಿದರೆ, “ಊರ ಮಂದಿ ಎಲ್ಲಾ ತಲಿಯೊಳಗ ಬಂದು ಕುಂತು ಜಗಳಾ ಮಾಡಿದಂಗ ಆಕ್ಕೈತಿ. ಇಷ್ಟ ಮಂದಿ ಇಷ್ಟ ಮಾತಾಡ್ತಾರಂತ ನನಗ ಗೊತ್ತ ಇರಲಿಲ್ಲ ನೋಡ” ಎಂದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ.

ಆದರೆ ಕಿವುಡು ಸುಖವಾಗಿರುವುದು ಮನೆಯೊಳಗೆ. ಒಂದು ಸಂಜೆ, ದೀಪ ಹಚ್ಚುವ ಹೊತ್ತು, ಕರೆಂಟು ಹೋಗಿ ಓಣಿ ಮಬ್ಬಾಗಿತ್ತು. ಮಗ್ಗದ ಖೋಲಿಯಿಂದ ಹೊರಟ ಶಂಕ್ರವ್ವ ಏಳನೆಯದೋ ಎಂಟನೆಯದೋ ಹೆಜ್ಜೆಯಲ್ಲಿದ್ದಾಗ ಒಂದು ಮೋಟಾರ್‌ಸೈಕಲ್ಲು ಅವಳಿಗೆ ಬಡಿದು, ನಿಲ್ಲದೆ ಹೋಯಿತು. ನಾನು ಚೀರಾಟ ಕೇಳಿ ಹೊರಗೆ ಬರುವಷ್ಟರಲ್ಲಿ ಓಣಿಯ ತುದಿಯಿಂದ ಸಂಗಪ್ಪ ಓಡಿ ಬಂದಿದ್ದ. ಸಂಗಪ್ಪನೆಂದರೆ ಮೂಲೆಮನೆಯ ಬೀಜಗೊಬ್ಬರದ ವ್ಯಾಪಾರಿ; ನಲವತ್ತೈದರ ಗಟ್ಟಿ ಆಳು, ದೊಡ್ಡ ದನಿಯವನು. ಒಂದು ಮಾತಾಡದೆ ಮುದುಕಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಬಸ್‌ಸ್ಟ್ಯಾಂಡು ದಾಟಿ ದವಾಖಾನೆಯವರೆಗೆ ಓಡಿದ. ಹಿಂದೆ ನಾನು, ನನ್ನ ಹಿಂದೆ ಅರ್ಧ ಓಣಿ. ಎಡಗೈ ಮಣಿಕಟ್ಟು ಮುರಿದಿತ್ತು. ಮೊಳಕೈಯವರೆಗೆ ಪ್ಲಾಸ್ಟರು ಹಾಕಿ ಒಂದೂವರೆ ತಿಂಗಳು ಅಲುಗಾಡಿಸಬೇಡವೆಂದರು.

ವೀರಣ್ಣ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವನು, ಒಳ್ಳೆಯ ಮಗ. ಒಳ್ಳೆಯ ಮಕ್ಕಳ ತೊಂದರೆಯೆಂದರೆ ಅವರ ಪ್ರೀತಿಗೆ ಚಿಲಕ ಇರುತ್ತದೆ. ಮರುದಿನವೇ ತೀರ್ಪು ಕೊಟ್ಟ. ಇನ್ನು ಮೇಲೆ ಓಣಿ ದಾಟುವಂತಿಲ್ಲ, ಪ್ಲಾಸ್ಟರು ಬಿಚ್ಚುವುದರೊಳಗೆ ಮಗ್ಗವನ್ನೂ ಬಿಚ್ಚಿ ಆ ಖೋಲಿಯಲ್ಲಿ ಬಟ್ಟೆಯ ಗಂಟು ಇಡುತ್ತೇನೆ ಎಂದ. ಶಂಕ್ರವ್ವ ಅವನ ತುಟಿ ನೋಡಿಯೇ ಎಲ್ಲ ತಿಳಿದುಕೊಂಡಳು. ಮುರಿದ ಕೈ ಮಡಿಲಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿ, “ಬಂದು ಬಡದಾವಗ ಓಣಿ ತಗದೈತಿ, ಬಡಸ್ಕೊಂಡಾಕಿಗೆ ಬಾಗಲಾ ಹಾಕ್ತಾರ. ಇದು ಯಾವ ನ್ಯಾಯಾನ ಅಕ್ಕೋರ?” ಎಂದಳು. ಉತ್ತರವಿಲ್ಲದ ಪ್ರಶ್ನೆಗಳು ನನಗೆ ಸಿಟ್ಟು ತರಿಸುತ್ತವೆ. ವೀರಣ್ಣನಿಗೆ, “ಕೈ ಕೂಡೂ ತನಕ ತಡಿ. ಅಷ್ಟರೊಳಗ ಓಣಿ ನೆಟ್ಟಗ ಮಾಡ್ತೀನಿ. ಆಗಲಿಲ್ಲಂದ್ರ ಮಗ್ಗಾ ಬಿಚ್ಚಾಕ ನಾನ ಬಂದು ಕೈ ಹಚ್ತೀನಿ” ಎಂದು ಶಪಥ ಮಾಡಿಬಿಟ್ಟೆ. ಶಾಲೆಯಲ್ಲಿ ಸಾವಿರ ಹುಡುಗಿಯರನ್ನು ಒಂದು ಸಾಲಿನಲ್ಲಿ ನಿಲ್ಲಿಸಿದವಳಿಗೆ ಒಂದು ಓಣಿ ಯಾವ ಮಹಾ ಎಂಬ ಸೊಕ್ಕು ಇತ್ತು, ಅದನ್ನು ಒಪ್ಪಿಕೊಳ್ಳಬೇಕು.

ಮೊದಲು ರಸ್ತೆಗೊಂದು ಉಬ್ಬು ಹಾಕಿಸೋಣವೆಂದು ಹೊರಟೆ. ಉಬ್ಬು ಎಂಬುದು ಮಣ್ಣು, ಜಲ್ಲಿ, ಡಾಂಬರುಗಳಿಂದ ಆಗುತ್ತದೆಂದು ನಾನು ತಿಳಿದಿದ್ದೆ. ಅದು ಕಾಗದದಿಂದ ಆಗುತ್ತದಂತೆ. ಒಂದು ಕಚೇರಿಯವರು ಇನ್ನೊಂದು ಕಚೇರಿಗೆ ಕಳಿಸಿದರು, ಅವರು ಮೂರನೆಯದಕ್ಕೆ, ಮೂರನೆಯವರು ಬಹಳ ಸಜ್ಜನರು, ಕುರ್ಚಿ ಕೊಟ್ಟು, ನೀರು ಕೊಟ್ಟು, ಮೊದಲನೆಯದಕ್ಕೇ ಕಳಿಸಿದರು. ಕೊನೆಗೆ ಎಲ್ಲರೂ ಒಮ್ಮತದಿಂದ, “ಪೊಲೀಸರನ ಕೇಳ್ರಿ” ಎಂದರು. ಹಾಗೆ ನನ್ನ ಮರ್ಯಾದೆಯನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಠಾಣೆಯ ಮೆಟ್ಟಿಲು ಹತ್ತಿದೆ.

ಅಲ್ಲಿನ ಸಬ್ ಇನ್‌ಸ್ಪೆಕ್ಟರು ಮೈಸೂರು ಕಡೆಯ ತರುಣಿ. ನನ್ನ ಮಾತನ್ನೆಲ್ಲ ಕೇಳಿ, ನಗುವನ್ನು ಟೋಪಿಯ ಕೆಳಗೆ ಅಡಗಿಸಿಕೊಂಡು, “ಮೇಡಂ, ಗಾಡಿ ನಿಲ್ಸೋಕೆ ದಿನಾ ಅಲ್ಲಿಗೊಬ್ರನ್ನ ಕಳ್ಸೋವಷ್ಟು ಜನ ನಮ್ಹತ್ರ ಇಲ್ಲ. ನೀವು ಓಣಿಯೋರೆಲ್ಲ ಸೇರಿ ಒಂದು ಸಮಿತಿ ಮಾಡ್ಕೊಳ್ಳಿ, ನಾವು ಜೊತೇಲಿರ್ತೀವಿ” ಎಂದಳು. ನಮ್ಮ ಓಣಿಯ ಬೀಟು ನೋಡುವ ಕಾನ್‌ಸ್ಟೇಬಲ್ ಹನಮಂತನನ್ನು ಕರೆದು ನನಗೆ ಗಂಟು ಹಾಕಿದಳು. ಹನಮಂತ ಮಲಪ್ರಭೆಯ ದಂಡೆಯ ಮೆಣಸಗಿಯವನು, ಒಕ್ಕಲುತನದ ಮನೆಯ ಹುಡುಗ, ಮೂವತ್ತರ ಸುಮಾರಿನ ಸಮಾಧಾನದ ಮನುಷ್ಯ. ಓಣಿಯನ್ನು ಒಮ್ಮೆ ಈ ತುದಿಯಿಂದ ಆ ತುದಿಗೆ ನಡೆದು ಬಂದವನೇ, “ನಮ್ಮೂರಿಗೆ ಹೊಳಿ ಬರಬೇಕಾದ್ರ ಡಂಗುರಾ ಹೊಡಿಸಿ ಬರ್ತೈತ್ರಿ ಅಕ್ಕೋರ. ನಿಮ್ಮ ಓಣ್ಯಾಗ ಗಾಡಿ ಹೇಳದ ಕೇಳದ ಬರ್ತಾವು” ಎಂದ. ಅವನ ಮೇಲೆ ನನಗೆ ಆಗಲೇ ನಂಬಿಕೆ ಹುಟ್ಟಿತು.

ಸಮಿತಿ ಆಯಿತು. ನಮ್ಮ ಜನಕ್ಕೆ ರಸ್ತೆ ದಾಟಲು ಬಾರದಿದ್ದೀತು, ಸಮಿತಿ ಮಾಡಲು ಬಾರದೆ ಇರುತ್ತದೆಯೇ? ಮೊದಲ ಸಭೆಯಲ್ಲಿ ಅಧ್ಯಕ್ಷರಾಗಲು ಒಂಬತ್ತು ಮಂದಿ ತಯಾರಿದ್ದರು, ಸದಸ್ಯರಾಗಲು ಯಾರೂ ಇರಲಿಲ್ಲ. ಮುದುಕಿಯನ್ನು ಎತ್ತಿಕೊಂಡು ಓಡಿದವನೆಂಬ ಪುಣ್ಯ ಸಂಗಪ್ಪನ ಖಾತೆಯಲ್ಲಿದ್ದುದರಿಂದ ಅವನನ್ನೇ ಅಧ್ಯಕ್ಷನನ್ನಾಗಿ ಮಾಡಿದರು. ಅವನು ಬೇಡ ಬೇಡವೆಂದ. ಬೇಡವೆನ್ನುವವನೇ ಯೋಗ್ಯನೆಂದು ಇವರು ಹಾರ ಹಾಕಿಯೇಬಿಟ್ಟರು. ಹಾರ ಕೊರಳಿಗೆ ಬಿದ್ದ ಮೇಲೆ ಏನಾದರೂ ಮಾತಾಡಲೇಬೇಕಲ್ಲ, “ಎಲ್ಲಾ ಹೊರಗಿನ ಮಂದೀದ ಕಿತಾಪತಿ! ರೋಣದಾವ್ರು, ನರಗುಂದದಾವ್ರು, ಶಿರೋಳದಾವ್ರು, ಎಲ್ಲೆಲ್ಲಿಂದೋ ಬಂದು ನಮ್ಮ ಓಣ್ಯಾಗ ಹಾರಿಸ್ಕೊಂಡು ಹೊಕ್ಕಾರ” ಎಂದು ಗುಡುಗಿದ. ಎಲ್ಲರೂ ಚಪ್ಪಾಳೆ ತಟ್ಟಿದೆವು. ತಪ್ಪೆಲ್ಲ ಪರವೂರಿನದೆಂದು ಕೇಳುವುದರಲ್ಲಿ ಎಷ್ಟು ತಂಪಾದ ಸುಖವಿದೆ, ನೀವೂ ಅನುಭವಿಸಿಯೇ ಇರುತ್ತೀರಿ.

ಪೊಲೀಸರು ನಮಗೆ ಎರಡು ಕಬ್ಬಿಣದ ಬ್ಯಾರಿಕೇಡು, ಆರು ಸೀಟಿ ಕೊಟ್ಟರು. ಬ್ಯಾರಿಕೇಡುಗಳು ನರಗುಂದದಲ್ಲಿ ಯಾರೋ ಮಂತ್ರಿಗಳ ಕಾರ್ಯಕ್ರಮ ಮುಗಿಸಿ, ರೋಣದಲ್ಲೊಂದು ಮೆರವಣಿಗೆ ನೋಡಿಕೊಂಡು, ನಮ್ಮ ಓಣಿಗೆ ಬಂದು ತಲುಪಲು ಒಂದು ವಾರ ಹಿಡಿಯಿತು. ಬಂದ ಎರಡನೆಯ ದಿನವೇ ಒಂದರ ಮೇಲೆ ಶಾವಿಗೆ ಒಣಗುತ್ತಿತ್ತು. ಎಷ್ಟು ಹದವಾದ ಅಂತರದಲ್ಲಿ ಸರಳು ಹಾಕಿದ್ದಾರೆ, ಸರಕಾರದವರು ಹೆಂಗಸರ ಕಷ್ಟ ತಿಳಿದವರು ಎಂದು ಓಣಿಯ ಸೊಸೆಯಂದಿರು ಕೊಂಡಾಡಿದರು. ಇನ್ನೊಂದನ್ನು ಹಿಂದಿನ ಓಣಿಯವರು ಮನೆ ಶಾಂತಿಗೆ ಚಪ್ಪರದ ಕಂಬ ಕಡಿಮೆ ಬಿದ್ದಿತೆಂದು ಒಯ್ದರು. ಹನಮಂತ ಹುಡುಕಿಕೊಂಡು ಹೋದಾಗ ಅದಕ್ಕೆ ಮಾವಿನ ತೋರಣ ಕಟ್ಟಿತ್ತಂತೆ. ಊಟ ಮಾಡದೆ ಬಿಡಲಿಲ್ಲವಂತೆ.

ಇನ್ನು ಸೀಟಿಯ ಕತೆ. ಆರು ಮಂದಿ ಸರದಿಯ ಮೇಲೆ ಕಟ್ಟೆಯಲ್ಲಿ ಕೂತು, ಗಾಡಿ ಜೋರಾಗಿ ಬಂದರೆ ಸೀಟಿ ಊದಬೇಕೆಂದು ಗೊತ್ತುಮಾಡಿದ್ದೆವು. ಊದಿದರು, ಉಸಿರಿರುವಷ್ಟೂ ಊದಿದರು. ಅಪರಿಚಿತ ಗಾಡಿ ಓಣಿಯ ಬಾಯಲ್ಲಿ ಕಂಡರೆ ಸಾಕು, ಅದು ನಡಿಗೆಗಿಂತ ನಿಧಾನವಾಗಿದ್ದರೂ ಸೀಟಿ. ತಮ್ಮ ಮಗನೋ ಅಳಿಯನೋ ಗುಂಡು ಹಾರಿದಂತೆ ಹಾದುಹೋದರೆ ಸೀಟಿ ಬಾಯಿಂದ ತೆಗೆದು, “ಏನೋ ಅರ್ಜೆಂಟ್ ಇರಬೇಕು” ಎಂಬ ವ್ಯಾಖ್ಯಾನ. ಈ ಗದ್ದಲದ ಐದನೆಯ ದಿನ ಶಂಕ್ರವ್ವ ತನ್ನ ಹೊಸ್ತಿಲ ಒಳಗೆ ಕೂತು, ಗಲ್ಲ ಉಬ್ಬಿಸಿಕೊಂಡ ಇವರನ್ನೆಲ್ಲ ನೋಡಿ ನನಗೆ ಕೈಸನ್ನೆಯಲ್ಲಿ, ಇವರೆಲ್ಲ ಯಾಕೆ ಹೀಗೆ ಒಲೆ ಊದುತ್ತಿದ್ದಾರೆ ಎಂದು ಕೇಳಿದಳು. ನನ್ನ ಮೈಮೇಲೆ ತಣ್ಣೀರು ಸುರಿದಂತಾಯಿತು. ಯಾರನ್ನು ಉಳಿಸಲು ಈ ಸೀಟಿಗಳನ್ನು ತಂದೆವೋ ಅವಳೊಬ್ಬಳಿಗೇ ಅವು ಕೇಳುವುದಿಲ್ಲವೆಂಬುದು ಡ್ರಿಲ್ ಮಾಸ್ತರಿಣಿಗೂ ಹೊಳೆದಿರಲಿಲ್ಲ, ಪೊಲೀಸ್ ಇಲಾಖೆಗೂ ಹೊಳೆದಿರಲಿಲ್ಲ. ಅವತ್ತೇ ನನ್ನ ಸೀಟಿಯನ್ನು ತಂದು ಜರಡಿಯ ಪಕ್ಕ ತೂಗುಹಾಕಿದೆ.

ಹನಮಂತನಿಗೆ ಇದನ್ನು ಹೇಳಿದಾಗ ಅವನು ನಗಲಿಲ್ಲ. “ಹೊರಗಿನಾವ್ರು ಹೊರಗಿನಾವ್ರು ಅಂತೀರಲ್ರಿ, ಮೂರು ದಿನಾ ಕುಂತು ಬರಕೊಳ್ಳೂಣು” ಎಂದ. ಮರುದಿನದಿಂದ ಸಾದಾ ಅಂಗಿ ಹಾಕಿಕೊಂಡು, ಬೆಳಗಿನ ಹೊತ್ತು ನಮ್ಮ ಕಟ್ಟೆಯಲ್ಲಿ ಒಂದು ನೋಟ್‌ಬುಕ್ಕು ಹಿಡಿದು ಕೂತ. ಡ್ರಿಲ್ ಅಕ್ಕೋರ ಮನೆಗೆ ಗಂಡು ನೋಡಲು ಬಂದಿದೆ ಎಂದು ಸುದ್ದಿಯಾಯಿತು. ನಮ್ಮ ಮನೆಯಲ್ಲಿ ಮದುವೆಯ ವಯಸ್ಸಿನವರು ಯಾರೂ ಇಲ್ಲವೆಂಬ ಸಣ್ಣ ಅಡಚಣೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಇಬ್ಬರು ಹೆಣ್ಣು ಹೆತ್ತವರು ಬಂದು ಹುಡುಗನ ಹೊಲ ಎಷ್ಟು, ನೀರಾವರಿಯೋ ಬೆದ್ದಲೋ ಎಂದು ವಿಚಾರಿಸಿ ಹೋದರು. ಗಾಡಿಯ ವೇಗ ಅಳೆಯುವ ಯಂತ್ರ ಅವನ ಬಳಿ ಇರಲಿಲ್ಲ. ಅದರ ಬದಲು ನಮ್ಮ ಮನೆಯ ಕೆಂಪು ಹೇಂಟೆ ಇತ್ತು. ಓಣಿಯ ನಡುವೆ ಕೆದರುತ್ತ ನಿಂತ ಆ ಕೋಳಿ ಯಾವ ಗಾಡಿಗೆ ಸುಮ್ಮನೆ ಸರಿದು ನಿಲ್ಲುತ್ತದೋ ಅದನ್ನು ಬಿಡುವುದು, ಯಾವ ಗಾಡಿಗೆ ರೆಕ್ಕೆ ಬಿಚ್ಚಿ ಹಾರಿ ಕಟ್ಟೆ ಹತ್ತುತ್ತದೋ ಅದರ ನಂಬರು ಬರೆದುಕೊಳ್ಳುವುದು. ಇಷ್ಟು ನಿಷ್ಪಕ್ಷಪಾತವಾದ ಸರಕಾರಿ ನೌಕರಳನ್ನು ನಾನು ನನ್ನ ಸೇವಾವಧಿಯಲ್ಲಿ ಕಂಡಿರಲಿಲ್ಲ.

ನಾಲ್ಕನೆಯ ದಿನ ಸಂಜೆ ಶಂಕ್ರವ್ವನ ಮನೆಯ ಮುಂದೆಯೇ ಸಮಿತಿಯ ಸಭೆ. ಹನಮಂತ ಸಮವಸ್ತ್ರದಲ್ಲಿ ಬಂದು ನೋಟ್‌ಬುಕ್ಕು ಬಿಚ್ಚಿದ. ರೋಣದ ಗಾಡಿ ಒಂದು. ಶಿರೋಳದ ಟಂಟಂ ಆಟೋ ಒಂದು, ಅದೂ ಬ್ರೇಕು ಹತ್ತದೆ. ಉಳಿದದ್ದೆಲ್ಲ ನಮ್ಮವೇ. “ಎಲ್ಲಾರಕಿಂತ ಜಾಸ್ತಿ ಸಲ ಕೋಳಿ ಹಾರಿಸಿದ್ದು ವೀರಣ್ಣಾವ್ರ ಗಾಡಿ” ಎಂದು ಅವನು ಓದಿದಾಗ ಎಲ್ಲರೂ ವೀರಣ್ಣನ ಕಡೆ ತಿರುಗಿದರು. ತಾಯಿಯನ್ನು ಮನೆಯೊಳಗೆ ಕೂಡಿಸಿದ ಮಗನೇ! ನಾನು ಕತ್ತು ಉದ್ದ ಮಾಡಿ ವೀರಣ್ಣನ ಕಡೆ ಒಂದು ನೋಟ ಬಿಟ್ಟೆ, ಮೂವತ್ತು ವರ್ಷ ಹುಡುಗಿಯರನ್ನು ನಡುಗಿಸಿದ ನೋಟ. ಆ ನೋಟ ಇನ್ನೂ ದಾರಿಯಲ್ಲಿರುವಾಗಲೇ ಹನಮಂತ ಕೆಮ್ಮಿ, “ಎರಡನೇ ನಂಬರು ಅಕ್ಕೋರ ಸ್ಕೂಟಿ” ಎಂದ. ಏನು ಹೇಳಲಿ? ಬೆಳಿಗ್ಗೆ ಹಾಲು ತರಲು ಹೋಗುತ್ತೇನೆ. ಹಾಲು ಎಲ್ಲಿಗೂ ಓಡಿಹೋಗುವುದಿಲ್ಲ, ನಿಜ. ನಮ್ಮ ಕೋಳಿಯೇ ನನ್ನ ಮೇಲೆ ಸಾಕ್ಷಿ ಹೇಳಿತಲ್ಲ ಎಂದು ನಾಚಿಕೆಯಾಯಿತು; ಮನೆಗೆ ಹೋಗಿ ಅದನ್ನು ಸಾರು ಮಾಡಬೇಕೆಂಬ ಯೋಚನೆಯೂ ಒಂದು ಕ್ಷಣ ಬಂದಿತ್ತು, ಮೊಟ್ಟೆ ತಿಂದರೂ ನಾವು ಮಾಂಸ ತಿನ್ನುವವರಲ್ಲವಾದ್ದರಿಂದ ಅದು ಬದುಕಿಕೊಂಡಿತು.

ಪಟ್ಟಿಯಲ್ಲಿ ಓಣಿಯ ಹೆಚ್ಚುಕಡಿಮೆ ಎಲ್ಲ ಮನೆಗಳೂ ಇದ್ದವು. ಇಲ್ಲದ್ದು ಅಧ್ಯಕ್ಷರದೊಂದೇ. “ಸಂಗಪ್ಪಾವ್ರ ಗಾಡಿ ಮೂರು ದಿನದಾಗ ಒಮ್ಮಿನೂ ಹೊರಗ ಬಂದಿಲ್ರಿ, ನಡಕೊಂತ ಅಂಗಡಿಗೆ ಹೊಕ್ಕಾರ” ಎಂದು ಹನಮಂತ ಹೇಳಿದಾಗ, ನೋಡಿ ಕಲಿಯಿರಿ ಎಂದು ನಾನೇ ಮೊದಲು ಚಪ್ಪಾಳೆ ತಟ್ಟಿದೆ. ಸಂಗಪ್ಪ ತಲೆ ತಗ್ಗಿಸಿ ಕೂತಿದ್ದ. ದೊಡ್ಡ ದನಿಯ ಮನುಷ್ಯ ಅವತ್ತು ಒಂದು ಮಾತೂ ಆಡಲಿಲ್ಲ. ವಿನಯವೆಂದರೆ ಇದು ಎಂದುಕೊಂಡೆವು.

ಶಂಕ್ರವ್ವ ಒಬ್ಬೊಬ್ಬರ ಮುಖ ನೋಡುತ್ತಿದ್ದಳು. ನಾನು ಅವಳ ಕಿವಿಗೆ ಬಾಯಿ ಹಚ್ಚಿ, ನಿನ್ನ ಮಗನೂ ನಾನೂ ಕಳ್ಳರು ಎಂದು ಕೂಗಿ ಹೇಳಿದೆ. ಅವಳು ಹಲ್ಲಿಲ್ಲದ ಬಾಯಿ ತೆರೆದು ಮನಸಾರೆ ನಕ್ಕಳು. ಹನಮಂತ ಅವಳ ಎದುರು ಕುಕ್ಕರಗಾಲಲ್ಲಿ ಕೂತು, ನಿಧಾನವಾಗಿ ತುಟಿ ಕಾಣುವಂತೆ, “ಯವ್ವಾ, ಹಿಂದಕ ನೀವು ಈ ರಸ್ತಾ ಹ್ಯಾಂಗ ದಾಟ್ತಿದ್ರಿ?” ಎಂದು ಕೇಳಿದ. ಇಷ್ಟು ದಿನ ನಮ್ಮಲ್ಲೊಬ್ಬರಾದರೂ ಅವಳನ್ನು ಏನಾದರೂ ಕೇಳಿದ್ದೆವೇ? ಮೂರು ಕಚೇರಿ ಕೇಳಿದ್ದೆ ನಾನು, ಅವಳನ್ನು ಕೇಳಿರಲಿಲ್ಲ.

“ರಸ್ತಾ ಎಲ್ಲಿತ್ತೋ ತಮ್ಮಾ?” ಎಂದಳು ಶಂಕ್ರವ್ವ. “ಮುಂಜಾನಿ ಹೊತ್ತ ಇಲ್ಲಿ ಹಾಸು ಇರ್ತಿತ್ತು.”

ನಡುವಯಸ್ಸು ದಾಟಿದವರೆಲ್ಲರ ಕಣ್ಣ ಮುಂದೆ ಅದು ಒಮ್ಮೆಲೇ ಬಂದು ನಿಂತಿತು. ನೇಯುವ ಸೀರೆಯ ಉದ್ದನೂಲಿಗೆ ಹಾಸು ಎನ್ನುತ್ತಾರೆ. ಅದನ್ನು ಮಗ್ಗಕ್ಕೆ ಏರಿಸುವ ಮೊದಲು ಬಿಸಿಲೇರುವುದರೊಳಗೆ ಓಣಿಯ ಉದ್ದಕ್ಕೂ ಎಳೆದು ಕಟ್ಟಿ, ಬಿದಿರ ಕವಲುಗಳ ಮೇಲೆ ಸೊಂಟದೆತ್ತರಕ್ಕೆ ನಿಲ್ಲಿಸಿ, ಗಂಜಿ ಹಚ್ಚಿ, ಈ ಕಡೆ ಒಬ್ಬರು ಆ ಕಡೆ ಒಬ್ಬರು ನಿಂತು ಉದ್ದನೆಯ ಕುಂಚದಿಂದ ಎಳೆಎಳೆಯನ್ನೂ ಬಾಚುತ್ತಿದ್ದರು. ಹಾಸು ಬಿದ್ದ ಓಣಿಯಲ್ಲಿ ಎತ್ತಿನ ಗಾಡಿ ಬರುತ್ತಿರಲಿಲ್ಲ. ದಿಬ್ಬಣ ಬಂದರೆ ಸುತ್ತುಹಾಕಿಕೊಂಡು ಹೋಗುತ್ತಿತ್ತು. ಯಾರೂ ಬೋರ್ಡು ಬರೆದಿರಲಿಲ್ಲ, ಯಾರೂ ಸೀಟಿ ಊದುತ್ತಿರಲಿಲ್ಲ. ಒಂದು ಮನೆಯ ತಿಂಗಳ ಅನ್ನ ಅಲ್ಲಿ ದಾರದ ರೂಪದಲ್ಲಿ ಹರಡಿಕೊಂಡಿದೆ ಎಂಬುದು ಕತ್ತೆಗೂ ಗೊತ್ತಿತ್ತು, ಕತ್ತೆ ಓಡಿಸುವವನಿಗೂ ಗೊತ್ತಿತ್ತು. ಆಮೇಲೆ ಗಂಜಿ ಹಾಕಿದ ಹಾಸು ಯಂತ್ರದಿಂದಲೇ ಸುತ್ತಿಕೊಂಡು ಬರತೊಡಗಿತು. ಓಣಿ ಖಾಲಿಯಾಯಿತು. ಖಾಲಿ ಜಾಗ ಕಂಡರೆ ಮನುಷ್ಯನಿಗೆ ಅವಸರ ಹುಟ್ಟುತ್ತದೆ, ಅಷ್ಟೇ.

ಹನಮಂತ ಈ ಮಾತನ್ನು ಠಾಣೆಗೆ ಒಯ್ದ. ಸಬ್ ಇನ್‌ಸ್ಪೆಕ್ಟರು ತಾನೇ ಬಂದು ನೋಡಿ, ಹಿಂದಿನಂತೆ ಹಾಸು ಹಾಕಲು ಬೆಳಿಗ್ಗೆ ಒಂಬತ್ತರವರೆಗೆ ಓಣಿಯಲ್ಲಿ ವಾಹನ ಬೇಡವೆಂದು ಮಾಡಿಸಿದಳು. ಉಳಿದ ಹೊತ್ತು ಓಣಿಯ ಗಾಡಿಗಳನ್ನು ಓಣಿಯ ಬಾಯಲ್ಲಿರುವ ಬೇವಿನ ಮರದಿಂದ ಮನೆಯವರೆಗೆ ನೂಕಿಕೊಂಡೇ ಹೋಗಬೇಕೆಂದು ನಾವೇ ಗೊತ್ತುಮಾಡಿಕೊಂಡೆವು. ಕೆಟ್ಟುಹೋಗಿದ್ದ ಬೀದಿದೀಪವೂ ಪೊಲೀಸರ ಒಂದು ಫೋನಿಗೆ ಹತ್ತಿತು. ಅದಕ್ಕಾಗಿ ನಾನು ಕೊಟ್ಟ ಅರ್ಜಿಗಳನ್ನು ಸೇರಿಸಿ ಹೊಲಿದರೆ ಒಂದು ಕೌದಿಯಾಗುತ್ತಿತ್ತು. ಆದರೆ ವೀರಣ್ಣ ಪೂರ್ತಿ ಸೋಲಲಿಲ್ಲ. “ಮಾತಿನಾಗ ಎಲ್ಲಾ ಚಲೋನ ಇರ್ತೈತ್ರಿ ಅಕ್ಕೋರ. ಅವ್ವನ ಕೈ ಬಿಚ್ಚಿದ ಮರುದಿನಾ ಹಾಸು ಹಾಕ್ರಿ. ಒಂದ ಗಾಡಿ ಒಳಗ ನುಗ್ಗಿದ್ರೂ ಮಗ್ಗಾ ಬಿಚ್ಚಾಂವನ” ಎಂದ. ಅವನ ಕಣ್ಣಲ್ಲಿ ಹಟಕ್ಕಿಂತ ಹೆದರಿಕೆಯೇ ಹೆಚ್ಚಿತ್ತು. ತಾಯಿಯ ಕೈ ಮುರಿದ ಸಂಜೆ ದವಾಖಾನೆಯ ಬೆಂಚಿನ ಮೇಲೆ ಅವನು ಕೂತಿದ್ದ ರೀತಿ ನೆನಪಾಗಿ ನನಗೆ ಬೈಯಲು ಬಾಯಿ ಬರಲಿಲ್ಲ.

ಆ ದಿನ ಬಂತು. ಹೊತ್ತು ಮೂಡುವ ಮೊದಲೇ ಓಣಿ ಎದ್ದಿತ್ತು. ಗಂಜಿ ಎಷ್ಟು ತೆಳುವಿರಬೇಕೆಂಬ ವಿಷಯದಲ್ಲಿ ಐದು ಮಂದಿ ಮುದುಕರಿಗೆ ಐದು ಮತಗಳಿದ್ದು, ಮೂವರು ಪರಸ್ಪರ ಮಾತು ಬಿಟ್ಟರು. ಕುಂಚ ಯಾರದೋ ಅಟ್ಟದಲ್ಲಿ ಸಿಕ್ಕಿತು. ಓಣಿಯ ಒಂದು ತುದಿಗೆ ಶಾವಿಗೆ ಕೊಡವಿದ ಬ್ಯಾರಿಕೇಡು, ಇನ್ನೊಂದಕ್ಕೆ ತೋರಣ ಬಿಚ್ಚಿದ ಬ್ಯಾರಿಕೇಡು. ಅದರ ಪಕ್ಕ ಸಮವಸ್ತ್ರದ ಹನಮಂತ. ವೀರಣ್ಣ ಹೊಸ್ತಿಲ ಮೇಲೆ ಕೈಕಟ್ಟಿ ನಿಂತಿದ್ದ. ಶಂಕ್ರವ್ವ ಒಳಗಿಂದ ಬಂದಳು. ಪ್ಲಾಸ್ಟರು ಬಿಚ್ಚಿದ ಕೈ ಸುಲಿದ ಕಬ್ಬಿನ ಗಣಿಕೆಯಂತೆ ಬೆಳ್ಳಗೆ ಸಣ್ಣಗಾಗಿತ್ತು. ಆಚೀಚೆ ನೋಡಲೂ ಇಲ್ಲ, ನೆಟ್ಟಗೆ ಇಳಿದಳು. ನಾನು ಬಾಯಿಬಿಟ್ಟು ಎಣಿಸುತ್ತಿದ್ದೆ. ಆರಕ್ಕೆ ನಿಂತು ಅಲ್ಲೇ ಓಣಿಯ ನಟ್ಟನಡುವೆ ಹಾಸಿನ ಎಳೆಗಳನ್ನು ಮುಟ್ಟಿ ನೋಡಿ, “ಗಂಜಿ ದಪ್ಪ ಆತು, ಯಾವ ದಡ್ಡ ಮಾಡಿದಾಂವ?” ಎಂದಳು.

ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಕಡೆಯಿಂದ ಒಂದು ಟಂಟಂ ಹಾರ್ನು ಬಾರಿಸುತ್ತ ಬಂದೇ ಬಂತು. ವೀರಣ್ಣ ಹೊಸ್ತಿಲಿಂದ ಜಿಗಿದ. ಹನಮಂತ ಕೈ ಎತ್ತುವ ಮೊದಲೇ ಟಂಟಂನ ನರೆಗೂದಲಿನ ಚಾಲಕ ಹಾಸನ್ನು ಕಂಡ. ಯಂತ್ರ ಬಂದ್ ಮಾಡಿ ಕೆಳಗಿಳಿದು, “ಹಾಸು ಹಾಕ್ಯಾರಲ್ರಿ! ಎಷ್ಟ ವರ್ಷಾತು ನೋಡಿ” ಎಂದು, ಪ್ಯಾಸೆಂಜರುಗಳು ಬೈಯುತ್ತಿದ್ದರೂ ಗಾಡಿಯನ್ನು ಹಿಂದಕ್ಕೆ ನೂಕಿಕೊಂಡೇ ಹೋದ. ವೀರಣ್ಣ ಓಣಿಯ ನಡುವೆ ನಿಂತೇ ಇದ್ದ. ಆಮೇಲೆ ಮಗ್ಗದ ಖೋಲಿಯ ಬೀಗದ ಕೈಯನ್ನು ಕಿಸೆಯಿಂದ ತೆಗೆದು ತಾಯಿಯ ಸೆರಗಿಗೆ ತಾನೇ ಕಟ್ಟಿದ.

ಇಲ್ಲಿಗೆ ಮುಗಿಸಿದ್ದರೆ ನಮ್ಮ ಸಮಿತಿಗೆ ಒಳ್ಳೆಯ ಹೆಸರು ಬರುತ್ತಿತ್ತು. ಆದರೆ ಕುಂಚ ಎಳೆಯಲು ಇನ್ನೊಂದು ಮಗ್ಗುಲಿಗೆ ಗಟ್ಟಿ ತೋಳಿನವರೊಬ್ಬರು ಬೇಕಾಗಿತ್ತು, ಶಂಕ್ರವ್ವ ಸಂಗಪ್ಪನಿಗೆ ಬಾ ಎಂದು ಕೈಮಾಡಿದಳು. ಅವನು ಬಂದು ಕುಂಚದ ಆ ತುದಿ ಹಿಡಿದ. ಹಿಡಿದವನು ಎಳೆಯಲಿಲ್ಲ. ಹಾಸಿನ ಮೇಲೆ ಬಾಗಿ ಅವಳಿಗೆ ಮಾತ್ರ ಎಂಬಂತೆ ಮೆಲ್ಲಗೆ ಏನೋ ಹೇಳಿದ. “ಆಂ?” ಎಂದಳು ಮುದುಕಿ. ಅವನು ಸ್ವಲ್ಪ ಜೋರಾಗಿ ಹೇಳಿದ. “ಏನಂತಿ? ಕೇಳವಲ್ದು.” ಸಂಗಪ್ಪ ಸುತ್ತ ನೋಡಿದ. ಓಣಿಗೆ ಓಣಿಯೇ ಅಲ್ಲಿತ್ತು, ವೀರಣ್ಣ ಇದ್ದ, ಪೊಲೀಸ್ ಟೋಪಿ ಇತ್ತು. ಪಾಪದ ಮಾತನ್ನು ಗುಟ್ಟಾಗಿ ಹೇಳಿ ಹಗುರಾಗಲು ಬಂದವನಿಗೆ ಸಿಕ್ಕವಳು ಕಿವುಡಿ. ಅವನ ಕುತ್ತಿಗೆಯ ನರ ಉಬ್ಬಿತು, ಆ ದೊಡ್ಡ ದನಿ ಒಡೆದು ಹೊರಬಂತು.

“ಅವತ್ತ ಸಂಜಿಮುಂದ ನಿನಗ ಗಾಡಿ ಹಾಯಿಸಿದಾಂವ ನಾನ ಯವ್ವಾ! ಗಾಡಿ ಮನಿಮುಂದ ಒಗದು ಓಡಿ ಬಂದಿದ್ದೆ!”

ನಾವು ಹಾಕಿದ ಹಾರ, ತಟ್ಟಿದ ಚಪ್ಪಾಳೆ ಎಲ್ಲ ನನ್ನ ಕಣ್ಣ ಮುಂದೆ ಹಾದುಹೋದವು. ಸಿಟ್ಟು ಬಂತು, ಅದರ ಬೆನ್ನಿಗೇ ಕರುಣೆಯೂ ಬಂತು, ಯಾವುದು ಮೊದಲೆಂದು ಈಗಲೂ ಹೇಳಲಾರೆ. ವೀರಣ್ಣ ಮುಷ್ಟಿ ಬಿಗಿದು ಎರಡು ಹೆಜ್ಜೆ ಮುಂದೆ ಬಂದ, ನಡುವೆ ಹಾಸು ಇತ್ತು, ನಿಂತ. ಹನಮಂತ ನಿಧಾನವಾಗಿ ನೋಟ್‌ಬುಕ್ಕು ತೆಗೆದು, “ಕೇಳ್ರಿ ಅಕ್ಕೋರ, ಯವ್ವಾ ಏನ್ ಮಾಡಂತಾರ” ಎಂದ.

ಕೇಳುವ ಕೆಲಸ ಬೀಳಲಿಲ್ಲ. ಶಂಕ್ರವ್ವ ಸಂಗಪ್ಪನ ಮುಖವನ್ನೇ ನೋಡುತ್ತ, ಮಗುವನ್ನು ಗದರಿಸುವ ದನಿಯಲ್ಲಿ ಹೇಳಿದಳು. “ಒದರಬ್ಯಾಡೋ. ಅವತ್ತ ಗೊತ್ತಾಗೈತಿ ನನಗ. ಎತಗೊಂಡು ಓಡೂ ಮುಂದ ನಿನ್ನ ಎದಿ ನನ್ನ ಕೆನ್ನಿಗೆ ಡಬಡಬ ಬಡೀತಿತ್ತು. ಪುಣ್ಯಾ ಮಾಡಾವನ ಎದಿ ಹಂಗ ಬಡಿಯೂದಿಲ್ಲ. ಲಗೂ ಕುಂಚಾ ಎಳಿ, ಗಂಜಿ ಒಣಗಾಕತ್ತೈತಿ.”